ಏಳನೇ ಪುಟದ ನರಿ

ನಕ್ಷೆ ಮೇಷ್ಟ್ರ ಕೈಬರಹ ಅಷ್ಟು ದುಂಡಗೆ ಇರದಿದ್ದರೆ ಇದೊಂದೂ ನಡೆಯುತ್ತಿರಲಿಲ್ಲ. ಹದಿನೆಂಟು ವರ್ಷ ಕರಿಹಲಗೆಯ ಮೇಲೆ ಭೂಗೋಳ ಬರೆದೂ ಬರೆದೂ ಅವರ ಅಕ್ಷರ ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದೇ ಅಳತೆಗೆ ಬಂದಿತ್ತು. ಓದಿದವರಿಗೆ, ಇಷ್ಟು ಚೆಂದ ಬರೆಯುವವನು ಸುಳ್ಳು ಬರೆದಿರಲಾರ ಎಂದು ತಾನೇ ತಾನಾಗಿ ಅನ್ನಿಸಿಬಿಡುತ್ತಿತ್ತು. ಎಡವಟ್ಟಾದದ್ದು ಅಲ್ಲೇ.

ಮೇಷ್ಟ್ರು ತಮ್ಮ ಶಾಲೆಯಿಂದ ಒಂದು ವರ್ಷದ ರಜೆ ಪಡೆದು, ಪರದೇಶಕ್ಕೆ ಬಂದು, ಭೂಗೋಳ ಶಿಕ್ಷಕರ ತರಬೇತಿಗೆ ಸೇರಿದ್ದರು. ಆ ಕಾಲೇಜಿನಲ್ಲಿ ಒಂದು ಕಟ್ಟಳೆ. ದಡದಿಂದ ಒಂದೂವರೆ ಗಂಟೆ ದೋಣಿಯಲ್ಲಿ ಹೋದರೆ ಒಂದು ದ್ವೀಪ ಸಿಗುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ದಿನ ಅಲ್ಲಿಗೆ ಹೋಗಿ, ನೋಡಿ, ಹನ್ನೆರಡು ಪುಟದ ವರದಿ ಬರೆಯಬೇಕು. ಯಾವ ದಿನ ಬೇಕಾದರೂ ಹೋಗಬಹುದು. ಯಾವ ದಿನ ಬೇಕಾದರೂ ಮಾಡಬಹುದಾದ ಕೆಲಸದ ಗತಿ ಏನಾಗುತ್ತದೆ ಎಂಬುದು ಮನೆ ನಡೆಸಿದವರಿಗೆಲ್ಲ ಗೊತ್ತೇ ಇದೆ.

ಮೇಷ್ಟ್ರು ದೋಣಿಕಟ್ಟೆಯವರೆಗೆ ಹೋಗಿದ್ದರು, ಅಷ್ಟನ್ನು ಒಪ್ಪಬೇಕು. ದೋಣಿ ತೊಟ್ಟಿಲಿನ ಹಾಗೆ ತೂಗುವುದನ್ನು ನೋಡಿದ್ದೇ ತಡ, ಗಟ್ಟಿ ನೆಲದ ಮೇಲೆ ನಿಂತವರಿಗೇ ಹೊಟ್ಟೆ ತೊಳಸಿತು. ಸಂಜೆಯವರೆಗೆ ಅಲ್ಲೇ ಬೆಂಚಿನ ಮೇಲೆ ಕೂತರು. ಮರುದಿನ ಗ್ರಂಥಾಲಯದ ಬೀರುವಿನಿಂದ ಹಿಂದಿನ ವರ್ಷದವನೊಬ್ಬನ ವರದಿಯನ್ನು ತೆಗೆದು ಮುಂದಿಟ್ಟುಕೊಂಡು ಇಳಿಸಿಬಿಟ್ಟರು. ಬರೀ ಇಳಿಸಿದರೆ ಮನಸ್ಸಿಗೆ ಸಮಾಧಾನವಿಲ್ಲ ನೋಡಿ. ಮೂರನೇ ಪುಟದಲ್ಲಿ ಹಿಂದಿನವನು ಐದು ಸಿಹಿನೀರಿನ ಬಾವಿ ಎಂದಿದ್ದ. ಇವರು ಏಳು ತೋಡಿದರು. ಐದನೇ ಪುಟದ ಮರದ ನೆರಳಿನಲ್ಲಿ ಅವನು ಐವತ್ತು ಜನರನ್ನು ಕೂರಿಸಿದ್ದ. ಇವರು ನೂರು ಜನರನ್ನು ಕೂರಿಸಿದರು. ಏಳನೇ ಪುಟದಲ್ಲಿ ಒಂದು ನರಿ ಇತ್ತು. ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಚಪ್ಪಟೆ ಬಂಡೆಯ ಬಳಿ ಬಂದು, ಬಂದವರ ಮುಖ ನೋಡಿಕೊಂಡು ಹೋಗುವ ನರಿ. ಮೇಷ್ಟ್ರು ಅದರ ಬಾಲದ ತುದಿಗೆ ಬಿಳಿ ಬಣ್ಣ ಕೊಟ್ಟರು. ಒಂಬತ್ತನೇ ಪುಟದಲ್ಲಿ ದ್ವೀಪದ ಕಾವಲುಗಾರ ಕಾಯಿಸಿಕೊಡುವ ಸೂಪಿನ ವರ್ಣನೆ. ‘ಅಂಥ ಸೂಪನ್ನು ನಾನು ಜನ್ಮದಲ್ಲಿ ಕುಡಿದಿಲ್ಲ’ ಎಂದು ಬರೆದರು. ಇಡೀ ವರದಿಯಲ್ಲಿ ಅದೊಂದು ಮಾತು ನಿಜ.

ನೂರಕ್ಕೆ ತೊಂಬತ್ತಾರು ಬಂತು. ಹಿಗ್ಗು ತಡೆಯಲಾರದೆ ಮೇಷ್ಟ್ರು ಒಂದು ಪ್ರತಿಯನ್ನು ಊರಿನಲ್ಲಿದ್ದ ಅಕ್ಕನಿಗೂ ಕಳಿಸಿದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅದನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದಳು, ಪಕ್ಕದ ಮನೆಯವರು ಎದುರು ಮನೆಗೆ ಹೇಳಿದರು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಬಾವಿಗಳು ಹದಿನೈದಾಗಿದ್ದವಂತೆ.

ತರಬೇತಿಯ ಕೊನೆಯ ವಾರ ಬಂತು. ಶುಕ್ರವಾರ ಮೇಷ್ಟ್ರ ವಿಮಾನ. ಸೋಮವಾರ ಸರ್ಟಿಫಿಕೇಟಿನ ಸಮೇತ ಶಾಲೆಗೆ ಹಾಜರಾಗಬೇಕು. ತಪ್ಪಿದರೆ ಅವರ ಜಾಗಕ್ಕೆ ಡ್ರಿಲ್ ಮೇಷ್ಟ್ರು ಶಿಳ್ಳೆಯನ್ನು ಕುತ್ತಿಗೆಯಿಂದ ತೆಗೆದಿಟ್ಟು ತಯಾರಾಗಿ ಕೂತಿದ್ದಾರೆಂದು ಅಕ್ಕನೇ ಫೋನಿನಲ್ಲಿ ಎಚ್ಚರಿಸಿದ್ದಳು. ಹೀಗಿರುವಾಗ ವಿಭಾಗದ ಮುಖ್ಯಸ್ಥೆ ಅವರನ್ನು ಕರೆಸಿದರು. ಮೇಡಂ ಎಂದರೆ ಇಸ್ತ್ರಿ ಹಾಕಿ ಮಡಿಸಿಟ್ಟ ಸೀರೆಯ ಹಾಗೆ. ಎಲ್ಲಿಯೂ ಒಂದು ಸುಕ್ಕಿಲ್ಲ.

“ಹೊಸ ಬ್ಯಾಚು ಬಂದಿದೆ, ಹನ್ನೊಂದು ಜನ. ಇನ್ನು ಮೇಲೆ ಒಬ್ಬೊಬ್ಬರನ್ನೇ ಕಳಿಸಕೂಡದು, ಎಲ್ಲರನ್ನೂ ಒಟ್ಟಿಗೆ ಕರ್ಕೊಂಡು ಹೋಗಿ ಅಂತ ಮೇಲಿನವರ ಆದೇಶ. ನಾಳೆ ಹೊರಡೋದು. ನಾನೂ ಬರ್ತೀನಿ,” ಎಂದರು. ಕೊನೆಯ ಮಾತನ್ನು ಯಾಕೋ ಕಷಾಯ ಕುಡಿದವರ ಹಾಗೆ ಹೇಳಿದರು.

“ಒಳ್ಳೇದು ಮೇಡಂ.”

“ದಾರಿ ತೋರಿಸೋಕೆ ಗೊತ್ತಿದ್ದವರು ಬೇಕಲ್ಲ. ನೀವೇ ನಾಯಕರು. ನಿಮ್ಮ ವರದೀನ ಹನ್ನೊಂದು ಜೆರಾಕ್ಸ್ ಮಾಡಿಸಿ ಎಲ್ಲರ ಕೈಗೂ ಕೊಟ್ಟಿದೀನಿ. ಬೇರೆಯವರದ್ದು ಓದೋ ಹಾಗಿರಲ್ಲ. ನಿಮ್ಮದು ನೋಡಿ, ಮುತ್ತು.”

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ರವಾರಕ್ಕೆ ಎಷ್ಟು ದಿನವಿದೆ ಎಂದು ಎಣಿಸಿದರು.

“ವಾಪಸು ಬಂದ ಮೇಲೆ ನಾಯಕನ ವರದಿ ಅಂತ ಹೊಸದಾಗಿ ಒಂದು ಬರೆದುಕೊಡಿ. ಅದು ನನ್ನ ಕೈಗೆ ಬಂದ ಕೂಡಲೇ ಸರ್ಟಿಫಿಕೇಟಿಗೆ ಸಹಿ,” ಎಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಮರುದಿನ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಹನ್ನೊಂದು ಜನ ಹನ್ನೊಂದು ಜೆರಾಕ್ಸ್ ಹಿಡಿದು ನಿಂತಿದ್ದರು. ಮೇಷ್ಟ್ರ ಮುಖ ಆಗಲೇ ಹಳೇ ಸೌತೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು ತಲೆಗೊಂದು ಉಪಾಯ ಹೇಳಿದರು. ಒಬ್ಬರು ನಿಂಬೆಹಣ್ಣು ಮೂಸುತ್ತಿರಿ ಎಂದರು. ಇನ್ನೊಬ್ಬರು ಹೊಟ್ಟೆಗೆ ಟವಲು ಬಿಗಿದುಕೊಳ್ಳಿ ಎಂದರು. ಹೊಟ್ಟೆ ತುಂಬಿದ್ದರೆ ವಾಂತಿ ಬರಲ್ಲ ಎಂದು ಮತ್ತೊಬ್ಬರು ನಾಲ್ಕು ಬಾಳೆಹಣ್ಣು ತಿನ್ನಿಸಿದರು. ಮೇಷ್ಟ್ರು ಯಾರ ಮನಸ್ಸನ್ನೂ ನೋಯಿಸುವವರಲ್ಲ. ಬಾಳೆಹಣ್ಣು ತಿಂದು, ಅದರ ಮೇಲೆ ಟವಲು ಬಿಗಿದು, ನಿಂಬೆಹಣ್ಣು ಮೂಗಿಗೆ ಹಿಡಿದು ದೋಣಿ ಹತ್ತಿದರು. ಬಿಗಿದ ಚೀಲದೊಳಗೆ ಬಾಳೆಹಣ್ಣು ಏನಾಗುತ್ತದೋ ಅದೇ ಆಯಿತು.

ಹನ್ನೊಂದು ಜನರಲ್ಲಿ ಇಬ್ಬರು ಮೇಷ್ಟ್ರ ಪಾಲಿಗೆ ಶನಿಗಳಾಗಿ ಬಂದಿದ್ದರು. ಒಬ್ಬಳು ಎರಡು ಜಡೆಯ ಹುಡುಗಿ. ಒಂದು ಉಸಿರಿಗೆ ಎರಡು ಪ್ರಶ್ನೆ ಕೇಳುತ್ತಿದ್ದುದರಿಂದ ಅವಳಿಗೆ ಮೊದಲ ದಿನವೇ ‘ಪ್ರಶ್ನೆಪತ್ರಿಕೆ’ ಎಂದು ಹೆಸರು ಬಿದ್ದಿತ್ತು. ಇನ್ನೊಬ್ಬರು ಭೂಮಾಪನ ಇಲಾಖೆಯಲ್ಲಿ ದುಡಿದು ಆಮೇಲೆ ಮೇಷ್ಟ್ರಾದವರು. ಸೊಂಟದಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಸದಾ ಅನುಮಾನ. ಅವರು ಟೇಪಿನವರು.

ದಡ ಮರೆಯಾಗುತ್ತಲೇ ಪ್ರಶ್ನೆಪತ್ರಿಕೆ ದೋಣಿಯವನ ಕಡೆ ತಿರುಗಿದಳು. “ಎಷ್ಟು ವರ್ಷದಿಂದ ದೋಣಿ ಓಡಿಸ್ತಿದೀರಿ? ನಮ್ಮ ಕಾಲೇಜಿನವರೆಲ್ಲ ನಿಮ್ಮ ದೋಣೀಲೇ ಹೋಗೋದಾ?”

“ಇಪ್ಪತ್ತಾರು ವರ್ಷ ಆಯ್ತಮ್ಮ,” ಎಂದ ದೋಣಿಯವನು. “ಆ ಕಡೆಗೆ ಹೋಗೋದು ನನ್ನದೊಂದೇ ದೋಣಿ. ಆದ್ರೆ ನಿಮ್ಮ ಕಾಲೇಜಿನವರು ಅಂತ—”

ಅಷ್ಟರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಮೇಷ್ಟ್ರು ದೋಣಿಯ ಅಂಚಿಗೆ ಬಗ್ಗಿ ನಾಲ್ಕೂ ಬಾಳೆಹಣ್ಣುಗಳನ್ನು ಸಮುದ್ರಕ್ಕೆ ಒಪ್ಪಿಸಿದರು. ಮೇಡಂ ಕೈಯ ಕೊಡೆ ಫಟ್ಟನೆ ಬಿಚ್ಚಿಕೊಂಡು ದೋಣಿಯವನ ಟೋಪಿಯನ್ನು ಹಾರಿಸಿತು. ಟೋಪಿ ಹಿಡಿದು, ಮೇಷ್ಟ್ರ ಬೆನ್ನು ನೀವುವ ಗಲಾಟೆಯಲ್ಲಿ ದೋಣಿಯವನ ಮಾತು ಅರ್ಧಕ್ಕೇ ನಿಂತಿತು. ಸರಿಯಾದ ಹೊತ್ತಿಗೆ ಬಂದ ವಾಂತಿಗೆ ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು. ಕೊಡೆಯ ಬಗ್ಗೆ ಅವರಿಗೆ ಏನೂ ಅನ್ನಿಸಲಿಲ್ಲ.

ದ್ವೀಪ ಬಂತು. ಕ್ಷೌರ ಮಾಡಿಸಿದ ತಲೆಯ ಹಾಗೆ ಬೋಳು ಬಂಡೆ. ಅದರ ಮೇಲೆ ಒಂದು ದೀಪದ ಕಂಬ, ಒಂದು ತಗಡಿನ ಶೆಡ್ಡು, ಶೆಡ್ಡಿನ ಮೂಲೆಯಲ್ಲಿ ಮಳೆನೀರು ಹಿಡಿಯುವ ಡ್ರಮ್ಮು, ಮಿಕ್ಕಂತೆಲ್ಲ ಹಕ್ಕಿ, ಹಕ್ಕಿಯ ಹಿಕ್ಕೆ. ಹನ್ನೊಂದು ಜನ ಜೆರಾಕ್ಸ್ ಪ್ರತಿ ತೆರೆದು ಒಮ್ಮೆ ಪುಟ ನೋಡಿದರು, ಒಮ್ಮೆ ಬಂಡೆ ನೋಡಿದರು, ಕೊನೆಗೆ ಮೇಷ್ಟ್ರನ್ನು ನೋಡಿದರು.

ಶೆಡ್ಡಿನಿಂದ ಕಾವಲುಗಾರ ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಳ್ಳುತ್ತ ಓಡಿಬಂದ. ಇಷ್ಟು ಜನರನ್ನು ಕಂಡು ಅವನ ಮುಖದಲ್ಲಿ ಸಂತೋಷ ಕಾಣಬೇಕಿತ್ತು. ಕಂಡದ್ದು ಮಾತ್ರ, ನೆಂಟರು ಬಾಗಿಲಲ್ಲಿ ನಿಂತಿದ್ದಾಗ ಡಬ್ಬದಲ್ಲಿ ಸಕ್ಕರೆ ಇಲ್ಲವೆಂದು ನೆನಪಾದವರ ಮುಖ. “ಇವರೇ ನಮ್ಮ ನಾಯಕರು,” ಎಂದು ಯಾರೋ ಅಂದದ್ದೇ, ಮೇಷ್ಟ್ರ ತೋಳು ಹಿಡಿದು ಶೆಡ್ಡಿನೊಳಕ್ಕೆ ಎಳೆದುಕೊಂಡ.

ಒಳಗೆ ನಾಲ್ಕೂ ಗೋಡೆಗೆ ಕಾಗದ ಅಂಟಿಸಿತ್ತು. ಎಲ್ಲವೂ ಕಾಲೇಜಿನ ಮೊಹರಿನ ಪತ್ರಗಳು. ‘ನಮ್ಮ ವಿದ್ಯಾರ್ಥಿಗೆ ನೀವು ನೀಡಿದ ಆತಿಥ್ಯಕ್ಕೆ, ವಿಶೇಷವಾಗಿ ಆ ರುಚಿಯಾದ ಸೂಪಿಗೆ ಕೃತಜ್ಞತೆಗಳು.’ ಪ್ರತಿ ವರದಿ ಬಂದಾಗಲೂ ಇಂಥದೊಂದು ಪತ್ರ ಕಳಿಸುವುದು ಕಾಲೇಜಿನ ಕಚೇರಿಯ ಪದ್ಧತಿ.

“ಹತ್ತೊಂಬತ್ತು ವರ್ಷದಿಂದ ಬರ್ತಿವೆ ಸ್ವಾಮಿ,” ಎಂದ ಕಾವಲುಗಾರ, ದನಿ ತಗ್ಗಿಸಿ. “ವರ್ಷಕ್ಕೆ ಹತ್ತು, ಹನ್ನೊಂದು. ನಾನು ಒಬ್ಬರಿಗೂ ಸೂಪು ಕೊಟ್ಟವನಲ್ಲ. ಕೊಡೋಕೆ ಯಾರೂ ಬಂದೇ ಇಲ್ಲ. ಮೊದಲ ವರ್ಷವೇ ಹೇಳಿಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಇವನ್ನೆಲ್ಲ ನೋಡಿ ನಮ್ಮ ಸಾಹೇಬರು ಬಡ್ತಿ ಕೊಟ್ಟುಬಿಟ್ರು. ಎರಡು ಸಲ.”

ಮೇಷ್ಟ್ರು ಗೋಡೆ ನೋಡಿದರು. ಹತ್ತೊಂಬತ್ತು ವರ್ಷ, ಒಬ್ಬನೂ ಬಂದಿಲ್ಲ. ತಮ್ಮ ಹಿಂದಿನವನು, ಅವನ ಹಿಂದಿನವನು, ಅವನಿಗೂ ಹಿಂದಿನವನು, ಎಲ್ಲರೂ ಬೀರುವಿನ ಮುಂದೆಯೇ ನಿಂತು ದ್ವೀಪ ಕಂಡವರು. ಒಂದು ಕ್ಷಣ ಅವರಿಗೆ ದೊಡ್ಡ ಕುಟುಂಬಕ್ಕೆ ಸೇರಿದ ಸುಖವೇ ಆಯಿತು.

“ಆ ಸೂಪು ಹೇಗಿರುತ್ತೆ ಅಂತ ಸ್ವಲ್ಪ ಹೇಳಿ,” ಎಂದು ಕಾವಲುಗಾರ ಕೈ ಹೊಸೆದ. “ಇಲ್ದಿದ್ರೆ ನಾನೂ ಮುಳುಗ್ತೀನಿ, ನೀವೂ ಮುಳುಗ್ತೀರಿ.”

ಮೇಷ್ಟ್ರು ಒಂಬತ್ತನೇ ಪುಟ ಓದಿದರು: ಬೆಳ್ಳುಳ್ಳಿ, ಮೆಣಸು, ಎಳೆಯ ಸೊಪ್ಪು. ಕಾವಲುಗಾರನ ಬಳಿ ಇದ್ದದ್ದು ಅರ್ಧ ಈರುಳ್ಳಿ, ಉಪ್ಪು, ಬಿಸಿನೀರು. “ಬಿಸಿನೀರು ಇದೆಯಲ್ಲ, ಅರ್ಧ ಕೆಲಸ ಆದ ಹಾಗೆ,” ಎಂದು ಮೇಷ್ಟ್ರು ಧೈರ್ಯ ಹೇಳಿ ಹೊರಬಂದರು.

ಹೊರಗೆ ಟೇಪಿನವರು ಮೂರನೇ ಪುಟ ಬಿಡಿಸಿಕೊಂಡು ಟೇಪು ಎಳೆದು ನಿಂತಿದ್ದರು. “ಬಾವಿ ಎಲ್ರೀ? ಏಳು ಅಂತ ಬರೆದಿದ್ದೀರಿ.”

“ಮುಚ್ಚಿಹೋಗಿವೆ.”

“ಆರು ತಿಂಗಳಲ್ಲಿ? ಏಳೂ?”

ಆಗ ಹಿಂದಿನಿಂದ ಮೇಡಂ ದನಿ ಬಂತು. “ಸಮುದ್ರದ ಮರಳು ಅಂದ್ರೆ ಏನಂದ್ಕೊಂಡ್ರಿ? ಊರಿಗೆ ಊರೇ ಮುಚ್ಚುತ್ತೆ ಅದು. ಏಳು ಬಾವಿ ಯಾವ ಲೆಕ್ಕ?”

ಟೇಪಿನವರು ಕಾಲ ಕೆಳಗೆ ನೋಡಿದರು. ಅಲ್ಲಿ ಒಂದು ಹಿಡಿ ಮರಳೂ ಇರಲಿಲ್ಲ. ಆದರೆ ಹೇಳಿದವರು ಮೇಡಂ. ಟೇಪು ಸುರುಳಿ ಸುತ್ತಿಕೊಂಡಿತು.

“ಸರಿ, ಐದನೇ ಪುಟ. ನೂರು ಜನ ಕೂರೋ ಮರ?”

“ಅದು… ಗಾಳಿಗೆ…” ಎಂದು ಮೇಷ್ಟ್ರು ತಡವರಿಸಿದರು. ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಉಪಕಾರ ಮಾಡಲು ಹೋಗಿ, “ನಾನೇ ಕಡಿದುಬಿಟ್ಟೆ ಸ್ವಾಮಿ,” ಎಂದ.

“ಸರ್ಕಾರಿ ಜಾಗದ ಮರ ಕಡಿದ್ರಾ?” ಟೇಪಿನವರ ಹಳೇ ನೌಕರಿ ಒಳಗಿನಿಂದ ಎದ್ದುಬಂತು. “ಅಪ್ಪಣೆ ಪತ್ರ ಎಲ್ಲಿ? ಬುಡ ಎಲ್ಲಿ?”

“ಬುಡಾನೂ ಸೌದೆ ಮಾಡಿದೆ.”

“ನೂರು ಜನಕ್ಕೆ ನೆರಳು ಕೊಡೋ ಮರದ ಬುಡ ಎಷ್ಟು ದಪ್ಪ ಇರುತ್ತೆ ಗೊತ್ತೇನ್ರೀ? ಅಷ್ಟನ್ನೂ ಉರಿಸಿದ್ರಾ?”

“ಸೂಪಿಗೆ,” ಎಂದ ಕಾವಲುಗಾರ, ಅಳುವ ದನಿಯಲ್ಲಿ. “ಬಹಳ ಜನ ಬರ್ತಾರಲ್ಲ.”

ಟೇಪಿನವರು ಅವನ ಹೆಸರು, ಹುದ್ದೆ ಎಲ್ಲವನ್ನೂ ಪುಸ್ತಕದಲ್ಲಿ ಗೀಚಿಕೊಳ್ಳತೊಡಗಿದರು. ಇಲ್ಲದ ಮರ ಕಡಿದು ನೌಕರಿ ಕಳೆದುಕೊಳ್ಳುವ ಹಂತಕ್ಕೆ ಬಂದ ಕಾವಲುಗಾರ ಮೇಷ್ಟ್ರ ಕಡೆ ನೋಡಿದ ನೋಟ, ಕಸಾಯಿ ಅಂಗಡಿಯ ಮುಂದೆ ಕಟ್ಟಿದ ಕುರಿಯ ನೋಟವಾಗಿತ್ತು.

“ಅದೆಲ್ಲ ಆಮೇಲೆ,” ಎಂದಳು ಪ್ರಶ್ನೆಪತ್ರಿಕೆ. “ಹನ್ನೆರಡಕ್ಕೆ ಹತ್ತೇ ನಿಮಿಷ ಇದೆ. ಚಪ್ಪಟೆ ಬಂಡೆ ಯಾವುದು ಮೇಷ್ಟ್ರೇ? ನಾನು ನರಿಗೋಸ್ಕರಾನೇ ಬಂದವಳು. ಬಿಸ್ಕತ್ತು ತಂದಿದೀನಿ. ನರಿ ಬಿಸ್ಕತ್ತು ತಿನ್ನುತ್ತಾ? ಇಷ್ಟು ಚಿಕ್ಕ ಬಂಡೆ ಮೇಲೆ ನರಿ ಮಿಕ್ಕ ದಿನ ಏನು ತಿನ್ನುತ್ತೆ? ಅದು ಇಲ್ಲಿಗೆ ಬಂದದ್ದಾದರೂ ಹೇಗೆ, ದೋಣೀಲಾ?”

ಮೇಷ್ಟ್ರು ಸಿಕ್ಕಿದ್ದೊಂದು ಬಂಡೆಗೆ ಕೈ ತೋರಿಸಿದರು. ಹನ್ನೊಂದು ಜನ ಅದರ ಮೇಲೆ ಸಾಲಾಗಿ ಕೂತರು, ಮೇಡಂ ಕೊಡೆ ಬಿಚ್ಚಿಕೊಂಡು ಬದಿಯಲ್ಲಿ ಕೂತರು. ಎಲ್ಲರ ಕಣ್ಣೂ ಎದುರಿನ ಗುಡ್ಡೆಯ ಮೇಲೆ.

“ನೀವು ಹಿಂದಿನಿಂದ ಹೋಗಿ ಸ್ವಾಮಿ,” ಎಂದು ಕಾವಲುಗಾರ ಮೇಷ್ಟ್ರ ಕಿವಿಯಲ್ಲಿ ಪಿಸುಗುಟ್ಟಿ ಕೈಗೆ ಏನನ್ನೋ ತುರುಕಿದ. ದೀಪದ ಗಾಜು ಉಜ್ಜುವ ಬ್ರಷ್ಷು. ಮೊಳದುದ್ದ, ಕಂದು ಬಣ್ಣ, ಪೊದೆಪೊದೆಯಾಗಿ ಕೂದಲು. “ಕಲ್ಲಿನ ಮರೆಯಿಂದ ಇದಿಷ್ಟನ್ನು ಆಡಿಸಿ. ದೂರಕ್ಕೆ ಎಲ್ಲ ಬಾಲವೂ ಒಂದೇ.”

ಭೂಗೋಳ ಹೇಳಿಕೊಟ್ಟ ಹದಿನೆಂಟು ವರ್ಷದಲ್ಲಿ ಮೇಷ್ಟ್ರು ಎಂದೂ ನಾಲ್ಕು ಕಾಲಿನ ಮೇಲೆ ನಡೆದಿರಲಿಲ್ಲ. ಅಂದು ನಡೆದರು. ಗುಡ್ಡೆಯ ಹಿಂದೆ ಮಂಡಿಯೂರಿ ತೆವಳಿಕೊಂಡು ಹೋಗುವಾಗ ಸುತ್ತಲೂ ಗೂಡುಗಳಲ್ಲಿ ಕೂತಿದ್ದ ಬಿಳಿ ಹಕ್ಕಿಗಳು ಕೊರಳು ಉದ್ದ ಮಾಡಿ ಅವರನ್ನು ನೋಡಿದವು. ಬಾಲದ ತುದಿ ಬಿಳಿ ಎಂದು ಬರೆದದ್ದು ಆಗ ನೆನಪಾಗಿ ಮೇಷ್ಟ್ರು ಹಣೆ ಚಚ್ಚಿಕೊಂಡರು. ಸುಣ್ಣ ಹುಡುಕುವ ಕಷ್ಟ ಬರಲಿಲ್ಲ. ಆ ಕೆಲಸವನ್ನು ಮೇಲಿನಿಂದ ಹಕ್ಕಿಗಳೇ ಮಾಡಿಕೊಟ್ಟವು, ಬ್ರಷ್ಷಿಗೂ, ಮೇಷ್ಟ್ರಿಗೂ.

ಮೆಲ್ಲಗೆ ಬ್ರಷ್ಷನ್ನು ಕಲ್ಲಿನ ಮೇಲಕ್ಕೆ ಎತ್ತಿ ಎರಡು ಸಲ ಆಡಿಸಿದರು. ಕೆಳಗೆ ಹನ್ನೊಂದು ಜನ ಉಸಿರು ಹಿಡಿದದ್ದು ಅವರಿಗೇ ಕೇಳಿಸಿತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬಾಡಿಗೆ ಕೋಣೆಯಲ್ಲಿ ಕಿಟಕಿಗೆ ಜೋತುಬಿದ್ದರೂ ಸಿಗದ ಸಿಗ್ನಲ್ಲು ನಡುಸಮುದ್ರದಲ್ಲಿ ತುಂಬಿ ಹರಿಯುತ್ತಿತ್ತು. ಮತ್ತೆ ದ್ವೀಪಕ್ಕೆ ಹೋಗುವ ಸುದ್ದಿಯನ್ನು ಹಿಂದಿನ ರಾತ್ರಿ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು ಎಂದುಕೊಳ್ಳುತ್ತ, ಸದ್ದಡಗಿಸಲು ಮೇಷ್ಟ್ರು ಫೋನನ್ನು ಕಿವಿಗೆ ಹಿಡಿದರು.

“ನರಿ ಬಂತೇನೋ?” ಎಂದಳು ಅಕ್ಕ. “ಬೀದಿಯವರೆಲ್ಲ ಇಲ್ಲೇ ಕೂತಿದ್ದಾರೆ, ಸ್ಪೀಕರ್ ಹಾಕಿದೀನಿ. ನರಿ ಮುಖ ನೋಡಿದವನಿಗೆ ಬಡ್ತಿ ಗ್ಯಾರಂಟಿ ಅಂತಿದಾರೆ ಎದುರು ಮನೆಯವರು.”

“ಬಂದಿದೆ ಅಕ್ಕ. ಈಗ ಇಡು,” ಎಂದು ಮೇಷ್ಟ್ರು ಹಲ್ಲಿನ ಸಂದಿಯಿಂದ ಉಸುರಿದರು.

“ಏನ್ ಮಾಡ್ತಿದೆ?”

“ಫೋನಲ್ಲಿ ಮಾತಾಡ್ತಿದೆ,” ಎಂದು ಬಾಯಿತಪ್ಪಿ ಅಂದೇಬಿಟ್ಟರು.

ಕೆಳಗಿನಿಂದ ಪ್ರಶ್ನೆಪತ್ರಿಕೆಯ ದನಿ ಬಂತು. “ನರಿ ಹತ್ರ ಫೋನು ಇದೆಯಾ?”

“ಅದು ನನ್ನ ಫೋನು,” ಎಂದರು ಮೇಡಂ, ಖಾಲಿ ಕೈಯನ್ನು ಕಿವಿಗೆ ಹಿಡಿದುಕೊಂಡು.

ಹಕ್ಕಿಗಳಿಗೆ ಇಷ್ಟು ಸಾಕಾಯಿತು. ತಮ್ಮ ಗೂಡುಗಳ ನಡುವೆ ಬಾಲ ಅಲ್ಲಾಡಿಸುತ್ತ ಅಕ್ಕನ ಜೊತೆ ಮಾತಾಡುವ ಈ ಪ್ರಾಣಿಯನ್ನು ಅವು ಯಾವ ಜಾತಿಗೂ ಸೇರಿಸಲಾರದೆ ಒಟ್ಟಾಗಿ ಮೇಲೆ ಬಿದ್ದವು. ಮೇಷ್ಟ್ರು ಬ್ರಷ್ಷು ಬಿಸಾಕಿ, ಟವಲನ್ನು ತಲೆಗೆ ಸುತ್ತಿ, ದಿಕ್ಕುಗೆಟ್ಟು ಓಡಿದರು. ಓಡಿ ಓಡಿ ಗುಡ್ಡೆಯ ನೆತ್ತಿಗೆ ಬಂದು ನಿಂತರು. ಮುಂದೆ ಓಡಲು ನೆಲವಿರಲಿಲ್ಲ. ಎಡಕ್ಕೆ ತಿರುಗಿದರು, ನೀರು. ಬಲಕ್ಕೆ ತಿರುಗಿದರು, ನೀರು. ಹಿಂದೆಯೂ ನೀರು. ‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ’ ಎಂದು ಹದಿನೆಂಟು ವರ್ಷ ಮಕ್ಕಳಿಂದ ಹೇಳಿಸಿದ್ದರು, ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಸ್ವತಃ ಒಂದು ಸಲವೂ ಹೀಗೆ ನಿಂತು, ಒಂದು ಸುತ್ತು ತಿರುಗಿ, ನಾಲ್ಕೂ ಕಡೆ ನೀರು ನೋಡಿರಲಿಲ್ಲ. ತಲೆಯ ಮೇಲೆ ಹಕ್ಕಿ ಕುಟುಕುತ್ತಿದ್ದರೂ ಮೇಷ್ಟ್ರು ಇನ್ನೊಂದು ಸುತ್ತು ತಿರುಗಿದರು. ಹೊಟ್ಟೆಯ ತೊಳಸಾಟ ಎಲ್ಲಿ ಹೋಗಿತ್ತೋ.

ಮೈಯೆಲ್ಲ ಹಿಕ್ಕೆ ಬಳಿದುಕೊಂಡು ಕೆಳಗಿಳಿದು ಬಂದಾಗ ಹನ್ನೊಂದು ಜನ ಎದ್ದು ನಿಂತಿದ್ದರು.

“ನರಿ ಎಲ್ಲಿ ಮೇಷ್ಟ್ರೇ?” ಎಂದಳು ಪ್ರಶ್ನೆಪತ್ರಿಕೆ. “ನೀವು ಅಲ್ಲಿ ಯಾಕೆ ಹೋಗಿದ್ರಿ? ನನಗೆ ಬಾಲದಂಥದ್ದು ಏನೋ ಕಂಡ ಹಾಗಾಯ್ತು. ನರೀನಾ ಅದು?”

ಇನ್ನು ಸಾಕು, ಹೇಳಿಬಿಡೋಣ ಎಂದು ಮೇಷ್ಟ್ರು ಉಸಿರೆಳೆದುಕೊಂಡರು. ಅಷ್ಟರಲ್ಲಿ ಮೇಡಂ ಕೊಡೆ ಮಡಿಸಿ ಎದ್ದರು.

“ನಾನು ಕಂಡೆ,” ಎಂದರು ತಣ್ಣಗೆ. “ಬಾಲದ ತುದಿ ಬಿಳಿ. ಸ್ಪಷ್ಟವಾಗಿ ಕಂಡೆ. ಬೇರೆ ಯಾರಿಗೂ ಕಾಣಲಿಲ್ವಾ?”

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಕಂಡ ಹಾಗಿತ್ತು,” ಎಂದರು ಒಬ್ಬರು. “ನನಗೆ ಕಿವಿಯೂ ಕಾಣಿಸ್ತು,” ಎಂದರು ಪಕ್ಕದವರು. ಸ್ವಲ್ಪ ಹೊತ್ತಿಗೆ ನರಿಗೆ ಮೂತಿ ಬಂತು, ಮೀಸೆ ಬಂತು. ಟೇಪಿನವರು ತುಂಬ ಯೋಚಿಸಿ, “ಸುಮಾರು ಎರಡೂವರೆ ಅಡಿ,” ಎಂದರು.

ಆಮೇಲೆ ಸೂಪು ಬಂತು. ಅರ್ಧ ಈರುಳ್ಳಿಯನ್ನು ಹದಿಮೂರು ಲೋಟಕ್ಕೆ ಹಂಚಿದ್ದರಿಂದ ಯಾರ ಲೋಟದಲ್ಲಿಯೂ ಅದು ಕಣ್ಣಿಗೆ ಬೀಳಲಿಲ್ಲ. ಎಲ್ಲರೂ ಮೇಡಂ ಮುಖ ನೋಡಿದರು. ಮೇಡಂ ಗುಟುಕರಿಸಿ, “ಅದೇ ರುಚಿ,” ಎಂದರು. ಎಲ್ಲರೂ ಕುಡಿದರು. ಅಷ್ಟು ಒಳ್ಳೆಯ ಸೂಪು ಮಾಡುವವನ ಮೇಲೆ ಮರ ಕಡಿದ ದೂರು ಕೊಡುವುದು ಬೇಡವೆಂದು ಟೇಪಿನವರು ಬರೆದ ಹಾಳೆಯನ್ನು ಹರಿದುಹಾಕಿದರು.

ಮರಳಿ ಬರುವಾಗ ಮೇಷ್ಟ್ರಿಗೆ ವಾಂತಿಯಾಗಲಿಲ್ಲ. ದೋಣಿಯ ತುದಿಯಲ್ಲಿ ಕೂತು ದ್ವೀಪ ಸಣ್ಣದಾಗುವುದನ್ನೇ ನೋಡುತ್ತಿದ್ದರು. ಈ ಸಲದ ವರದಿಯಲ್ಲಿ ಒಂದೂ ಸುಳ್ಳು ಬರೆಯುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದರು. ಹೇಗೂ ಈಗ ನಿಜವಾಗಿ ನೋಡಿಬಂದದ್ದಾಯಿತಲ್ಲ.

ಬುಧವಾರ ಕೂತು ಬರೆದರು. ಮೂರನೇ ಪುಟದಲ್ಲಿ ಒಂದು ಡ್ರಮ್ಮು. ಐದನೇ ಪುಟ, ಮರವಿಲ್ಲ. ಏಳನೇ ಪುಟ, ನರಿಯಿಲ್ಲ. ಹಕ್ಕಿಗಳಿವೆ, ಹತ್ತಿರ ಹೋಗಬಾರದು. ಒಂಬತ್ತನೇ ಪುಟದಲ್ಲಿ ಬಿಸಿನೀರು. ಹನ್ನೆರಡನೇ ಪುಟದಲ್ಲಿ, ನಾಲ್ಕೂ ಕಡೆ ನೀರು ನೋಡಿದ ಮನುಷ್ಯನಿಗೆ ಏನನ್ನಿಸುತ್ತದೆ ಎಂಬುದು. ಬರೆದು ಮುಗಿಸಿದಾಗ ಮೇಷ್ಟ್ರಿಗೆ ಸ್ನಾನ ಮಾಡಿ ಎದ್ದ ಹಾಗಾಯಿತು. ಅಕ್ಷರ ಎಂದಿಗಿಂತ ದುಂಡಗಿತ್ತು.

ಗುರುವಾರ ಬೆಳಿಗ್ಗೆ ಮೇಡಂ ಕರೆಸಿದರು. ಮೇಜಿನ ಮೇಲೆ ಮೇಷ್ಟ್ರ ವರದಿ ಇತ್ತು, ಅದರ ಮೇಲೆ ಕೆಂಪು ಶಾಯಿಯ ದೊಡ್ಡ ಸೊನ್ನೆ. ಸೊನ್ನೆಯೂ ದುಂಡಗೇ ಇತ್ತು.

“ಇದು ನಡೆದ ಹಾಗಿಲ್ಲ,” ಎಂದರು ಮೇಡಂ.

“ಮೇಡಂ, ಒಂದೊಂದು ಅಕ್ಷರವೂ ನಿಜ.”

ಮೇಡಂ ಪಕ್ಕದಲ್ಲಿದ್ದ ಕಟ್ಟನ್ನು ಮುಂದೆ ನೂಕಿದರು. ಹನ್ನೊಂದು ಜನರ ವರದಿ. ಮೇಷ್ಟ್ರು ಒಂದೊಂದೇ ತೆರೆದರು. ಎಲ್ಲರೂ ಅವರ ಜೆರಾಕ್ಸನ್ನೇ ಮುಂದಿಟ್ಟುಕೊಂಡು ಇಳಿಸಿದ್ದರು. ಬಂಡೆಯ ಮೇಲೆ ಕೂತು ಬೋಳು ದ್ವೀಪವನ್ನು ಕಣ್ಣಾರೆ ಕಂಡು ಬಂದ ಹನ್ನೊಂದು ಜನ. ಬಾವಿಗಳು ಒಂಬತ್ತಾಗಿದ್ದವು. ಟೇಪಿನವರು ಅವುಗಳ ಆಳವನ್ನೂ ಕೊಟ್ಟಿದ್ದರು: ಹದಿನಾಲ್ಕು ಅಡಿ ಮೂರು ಅಂಗುಲ. ಮರದ ನೆರಳಿನಲ್ಲಿ ಇನ್ನೂರು ಜನ. ಪ್ರಶ್ನೆಪತ್ರಿಕೆಯ ಕೈಯಿಂದ ನರಿ ಬಿಸ್ಕತ್ತು ತಿಂದಿತ್ತು.

“ಹನ್ನೊಂದು ಜನಕ್ಕೆ ಕಂಡ ನರಿ ನಿಮಗೊಬ್ಬರಿಗೆ ಕಾಣಲಿಲ್ಲ ಅಂದ್ರೆ, ನೀವು ಹೋಗಿದ್ದೇ ಅನುಮಾನ ಅನ್ನಲ್ವಾ ಮೇಲಿನವರು?”

“ನೀವೂ ಜೊತೆಗಿದ್ರಲ್ಲ ಮೇಡಂ.”

“ನಾನು ನರಿ ಕಂಡವಳು.”

ಮೇಡಂ ಎದ್ದು, ಬಾಗಿಲು ಹಾಕಿಕೊಂಡು ಬಂದರು. ಮೇಜಿನ ಕೆಳಗಿನ ಡ್ರಾಯರಿನ ಬೀಗ ತೆಗೆದು, ಅಂಚು ಹುಡಿಯಾಗುತ್ತಿದ್ದ ಒಂದು ಹಳದಿ ಪುಸ್ತಕವನ್ನು ಹೊರತೆಗೆದರು. ಮೂವತ್ತೊಂದು ವರ್ಷದ ಹಿಂದಿನ ವರದಿ. ಆ ಕಾಲೇಜಿನ ಮೊಟ್ಟಮೊದಲ ದ್ವೀಪವರದಿ. ಮೇಲೆ ವಿದ್ಯಾರ್ಥಿನಿ ಎಂದು ಮೇಡಂ ಹೆಸರು. ಒಂದೇ ಬಾವಿ. ನಾಲ್ಕು ಜನ ಕೂರುವ ಮರ. ಏಳನೇ ಪುಟದಲ್ಲಿ, ದೂರದಲ್ಲಿ, ಬಡಕಲು ನರಿ.

“ಬಾಲದ ತುದಿ ಬಿಳಿ ಮಾಡಿದ್ದು ನೀವು,” ಎಂದರು ಮೇಡಂ. “ನರಿಯನ್ನ ಅಲ್ಲಿ ಬಿಟ್ಟವಳು ನಾನು.”

“ನೀವು… ಹೋಗಿರಲಿಲ್ವಾ?”

“ದೋಣಿಕಟ್ಟೆವರೆಗೆ ಹೋಗಿದ್ದೆ. ಹೊಟ್ಟೆ ತೊಳಸ್ತು,” ಎಂದರು ಮೇಡಂ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರ ಮುಖದ ಮೇಲೆ ಒಂದು ಸುಕ್ಕು ಬಿತ್ತು. “ಈಗ ನಿಮ್ಮ ಒಂದು ನಿಜಾನ ಪಾಸು ಮಾಡಿದ್ರೆ, ಬೀರು ತುಂಬ ಇರೋ ಮುನ್ನೂರನ್ನ ಎಲ್ಲಿಗೆ ಹಾಕಲಿ? ಆ ಕಾವಲುಗಾರನ ಗತಿ ಏನು? ನಿಮ್ಮ ತೊಂಬತ್ತಾರರ ಗತಿ ಏನು? ಸಂಜೆ ನಾಲ್ಕರವರೆಗೆ ಟೈಮು ಇದೆ. ಬೇರೆ ಬರೆದುಕೊಂಡು ಬನ್ನಿ. ನಾಳೆ ವಿಮಾನ ಅಲ್ವಾ?”

ಮೇಷ್ಟ್ರು ಕೋಣೆಗೆ ಹೋಗಿ ಕೂತರು. ಡ್ರಿಲ್ ಮೇಷ್ಟ್ರ ಶಿಳ್ಳೆ ಕಿವಿಯಲ್ಲಿ ಊದುತ್ತಿತ್ತು. ಬರೆದರು. ಇಳಿಸುವುದಕ್ಕೆ ಈಗ ಯಾವ ಪ್ರತಿಯೂ ಬೇಕಿರಲಿಲ್ಲ. ಆದರೆ ಮನಸ್ಸಿಗೆ ಸಮಾಧಾನವಿಲ್ಲದೆ ಏಳನೇ ಪುಟಕ್ಕೆ ಬಂದಾಗ ನರಿಯ ಹಿಂದೆ ಮೂರು ಮರಿಗಳನ್ನು ಸೇರಿಸಿದರು. ಮೂರರ ಬಾಲದ ತುದಿಯೂ ಬಿಳಿ.

ಮೇಡಂ ಓದಿ, ತಲೆದೂಗಿ, ಪೆನ್ನಿನ ಮುಚ್ಚಳ ತೆಗೆದರು. ಕಚೇರಿಯ ಗುಮಾಸ್ತೆ ನಿಯಮದಂತೆ ನಾಯಕನ ವರದಿಯನ್ನು ಸ್ಕ್ಯಾನ್ ಮಾಡಿ ಮೇಲಿನವರಿಗೆ ಕಳಿಸಿದಳು. ಮೇಡಂ ಸರ್ಟಿಫಿಕೇಟನ್ನು ಮುಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಗುಮಾಸ್ತೆ ಮತ್ತೆ ಒಳಗೆ ಬಂದಳು, ಕೈಯಲ್ಲಿ ಉತ್ತರ.

‘ನಡುಸಮುದ್ರದ ದ್ವೀಪದಲ್ಲಿ ನರಿ ಮರಿ ಹಾಕಿರುವುದು ಅಪರೂಪದ ಸಂಗತಿ. ಪ್ರಾಣಿಶಾಸ್ತ್ರದ ಮೂವರು ತಜ್ಞರೊಂದಿಗೆ ಶನಿವಾರ ಬರುತ್ತಿದ್ದೇವೆ. ವರದಿ ಬರೆದವರೇ ದಾರಿ ತೋರಿಸತಕ್ಕದ್ದು. ಅಲ್ಲಿಯವರೆಗೆ ಅವರ ಸರ್ಟಿಫಿಕೇಟು ತಡೆಹಿಡಿಯಲಾಗಿದೆ. ವಿಶೇಷ ಸೂಚನೆ: ಅಕ್ಷರ ಬಹಳ ದುಂಡಗಿದೆ.’

ಮೇಡಂ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

“ಮರಿ ಯಾಕ್ರೀ ಬೇಕಿತ್ತು?” ಎಂದರು.

“ನರಿ ನಿಮ್ಮದು ಮೇಡಂ,” ಎಂದರು ಮೇಷ್ಟ್ರು ವಿನಯದಿಂದ. “ಮರಿಗಳು ಮಾತ್ರ ನನ್ನವು.”

ಸಂಜೆ ಮೇಷ್ಟ್ರು ವಿಮಾನದ ಟಿಕೀಟು ರದ್ದು ಮಾಡಿಸಿ, ದಾರಿಯಲ್ಲಿದ್ದ ಪಾತ್ರೆ ಸಾಮಾನಿನ ಅಂಗಡಿಗೆ ಹೋದರು. ಬಾಟಲಿ ಉಜ್ಜುವ ಬ್ರಷ್ಷುಗಳಲ್ಲಿ ಕಂದು ಬಣ್ಣದ, ಪೊದೆಪೊದೆ ಕೂದಲಿನ, ಗೇಣುದ್ದದ ಮೂರನ್ನು ಆರಿಸಿದರು. ಅಂಗಡಿಯಾಕೆ ಕಟ್ಟಿಕೊಡುತ್ತ, “ಮೂರೂ ಚಿಕ್ಕದೇ ತಗೊಂಡ್ರಲ್ಲ, ದೊಡ್ಡದೊಂದು ಬೇಡ್ವಾ?” ಎಂದಳು.

“ಬೇಡಮ್ಮ,” ಎಂದರು ಮೇಷ್ಟ್ರು. “ದೊಡ್ಡದು ದ್ವೀಪದಲ್ಲೇ ಇದೆ.”